ಹೊಳೆ ದಾಟಿದ ದ್ರಾಕ್ಷಿ ತೋಟ

ಬ್ರೆಸ್ತೊವಾ, ಇಬರ್ ಕಣಿವೆ
ಸಂತ ಇಲಿಯಾನ ಹಬ್ಬದ ಮಾರನೆಯ ದಿನ

ನನ್ನ ಮುದ್ದು ಗ್ರಾದಿಸ್ಲಾವ,

ಹೇಗಿದ್ದೀಯಪ್ಪ? ಸಮುದ್ರದ ಗಾಳಿಗೆ ಆ ಕೆಮ್ಮು ಬಿಟ್ಟಿತೋ, ಅದೂ ನಿನ್ನ ಜೊತೆ ಕೋಟೆ ಕಾಯುತ್ತಿದೆಯೋ? ಪಹರೆಗೆ ನಿಲ್ಲುವಾಗ ಕುರಿತೊಗಲು ಹೊದ್ದುಕೋ. ಇಲ್ಲಿ ನನ್ನ ಎಡ ಮಂಡಿಯೊಂದನ್ನು ಬಿಟ್ಟು ಎಲ್ಲರೂ ಕ್ಷೇಮ.

ಈಗ ಕೇಳು ಮಗನೇ, ನೆಟ್ಟಗೆ ಕೂತು ಕೇಳು! ನಿಮ್ಮಪ್ಪ ಹನ್ನೊಂದು ವರ್ಷ ಕಟ್ಟಿಸಿದ ಮಠಕ್ಕೆ ಮೊನ್ನೆ ಬಿಷಪ್ಪರು ಬಂದು ಪ್ರತಿಷ್ಠೆ ಮಾಡಿದರು. ಕಣಿವೆಗೆ ಕಣಿವೆಯೇ ಅಂಗಳದಲ್ಲಿ ನೆರೆದಿತ್ತು. ತೊಗಲಿನ ಮೇಲೆ ಬರೆದ ದಾನಪತ್ರ ಓದುತ್ತಿದ್ದವನು ಬರಹಗಾರ ದಮ್ಯಾನ್. ಕೊನೆಯ ಶಾಪದ ಭಾಗ ಬಂತೋ ಇಲ್ಲವೋ, ನಿಮ್ಮಪ್ಪ ಪತ್ರ ಕಸಿದುಕೊಂಡು ತಾವೇ ಗುಡುಗಿದರು. "ಈ ಮಠದ ಒಂದು ಗೇಣು ನೆಲ, ಒಂದು ಜೇನುಗೂಡು ಯಾರೇ ಹಿಂದಕ್ಕೆ ತಗೊಳ್ಳಲಿ, ನನ್ನ ವಂಶದವನೇ ಆಗಲಿ, ನಾನೇ ಆಗಲಿ, ಧರ್ಮಸಭೆಯ ಮುನ್ನೂರ ಹದಿನೆಂಟು ಪವಿತ್ರ ಪಿತೃಗಳ ಶಾಪ ಅವನಿಗೆ ತಟ್ಟಲಿ! ನರಕದಲ್ಲಿ ಗುರುದ್ರೋಹಿ ಯೂದನ ಪಕ್ಕದಲ್ಲೇ ಅವನು ಬಿದ್ದಿರಲಿ!" ಕುದುರೆಗಳು ಕೆನೆದವು, ಕೂಸುಗಳು ಕಿರುಚಿದವು. ಇಂಥ ಕಂಠಕ್ಕೆ ಮೂವತ್ತು ವರ್ಷ ಎದುರು ಮಾತಾಡಿದವಳು ನಾನೇ ತಾನೇ ಎಂದು ನನಗೆ ಹೆಮ್ಮೆಯಾಯಿತು.

ಆಗ ಎದ್ದ ನೋಡು ಪ್ರಿಬಿಸ್ಲಾವ, ನಿನ್ನ ತಂಗಿ ದೆಸಿಸ್ಲಾವಳನ್ನು ಮಗನಿಗೆ ತರಲಿರುವ ಬೀಗ. "ಬೀಗರೇ, ಬಳುವಳಿಗೆ ಅಂದಿದ್ದ ದ್ರಾಕ್ಷಿ ತೋಟಾನೂ ಮಠದ ಗಡಿಯೊಳಗೇ ಹೋಯ್ತಲ್ಲ! ಹುಡುಗಿ ಜೊತೆ ಇನ್ನೇನು ಕಳಿಸ್ತೀರಿ, ಶಾಪಾನಾ?"

ಗಡಿಯನ್ನು ಕುದುರೆಯೇರಿ ಸುತ್ತಿ, ಮರ ಬಂಡೆಗಳ ಹೆಸರು ಹೇಳಿ ಬರೆಸುವುದು ಪದ್ಧತಿ. ನಿಮ್ಮಪ್ಪ ಸುತ್ತಲಿಲ್ಲ. "ಹುಟ್ಟಿದ ನೆಲಾನ ಸುತ್ತಿ ನೋಡ್ಬೇಕೇನೇ?" ಎಂದು ನನ್ನನ್ನೇ ಗದರಿ, ಒಲೆಯ ಮುಂದೆ ಕೂತು "ಹೊಳೆಯವರೆಗೆ" ಎಂದು ಬರೆಸಿದರು. ಹೊಳೆಯೋ, ಈ ವಸಂತದಲ್ಲಿ ಹಿಮ ಕರಗಿದ ನೆರೆಗೆ, ಮಠಕ್ಕೂ ತೋಟಕ್ಕೂ ನಡುವಿದ್ದ ಹಳೆಯ ಪಾತ್ರ ಬಿಟ್ಟು ತೋಟದ ಆಚೆ ಬದಿಯಲ್ಲಿ ಹರಿಯುತ್ತಿತ್ತು!

ಬೇಯಿಸಿದ ಗೋಧಿಯ ತಟ್ಟೆ ಹಿಡಿದು ನಿಂತಿದ್ದ ನಿನ್ನ ತಂಗಿಯ ಮುಖ ಸುಣ್ಣವಾಯಿತು. ನೆಲವಿಲ್ಲದೆ ಆ ಮನೆಯವರು ಹುಡುಗಿಯನ್ನು ಒಯ್ಯುವವರಲ್ಲ. ದಮ್ಯಾನ್ ಮೆಲ್ಲಗೆ ಚೂರಿ ತೆಗೆದ. "ಒಂದೇ ಸಾಲು, ದೊರೆ. ಕೆರೆದುಬಿಡ್ಲಾ?"

"ತೊಗಲು ಕೆರೆದ್ರೆ ಅಕ್ಷರ ಹೋಗುತ್ತೆ ಕಣೋ. ದೇವರ ಮುಂದೆ ಆಡಿದ್ದು ಹೋಗುತ್ತಾ?"

ಹಾಗೆಂದ ನಿಮ್ಮಪ್ಪ, ಅರಸರು ಪದವಿಯ ಗುರುತಾಗಿ ಕೊಟ್ಟ ಬೆಳ್ಳಿಯ ನಡುಪಟ್ಟಿ ಬಿಚ್ಚಿದರು. ಅದನ್ನೂ ಮನೆಯ ಬೀಗದ ಕೈಯನ್ನೂ ದೆಸಿಸ್ಲಾವಳ ಮಡಿಲಿಗೆ ಹಾಕಿದರು. "ತಪ್ಪು ನಂದು ಮಗಳೇ. ನಮ್ಮ ಮನೆ, ಅದರ ಸುತ್ತಿನ ಹೊಲ ನಿನ್ನದು. ನನಗೆ ಮಠದಲ್ಲಿ ಒಂದು ಕೋಣೆ, ಒಂದು ಕಪ್ಪು ನಿಲುವಂಗಿ ಸಾಕು." ಪ್ರಿಬಿಸ್ಲಾವ ಬಗ್ಗಿ ಅವರ ಕೈಗೆ ಮುತ್ತಿಟ್ಟ. ಮಗನೇ, ಬೆಟ್ಟದಂಥ ಮಠ ಕಟ್ಟಿಸಿ ಮುಗಿಸಿದ ದಿನಕ್ಕಿಂತ, ನಡುಪಟ್ಟಿಯಿಲ್ಲದೆ ಅಂಗಿ ಜೋತು ನಿಂತ ಆ ಹೊತ್ತಿನಲ್ಲೇ ನಿಮ್ಮಪ್ಪ ನನಗೆ ದೊಡ್ಡವರಾಗಿ ಕಂಡರು.

ನಿನ್ನ ಪಾಲಿನ ಹಳ್ಳಿಗಳಿಗೆ ಯಾರೂ ಕೈ ಹಚ್ಚಿಲ್ಲ. ಮದುವೆ ದೇವಮಾತೆಯ ಹಬ್ಬದ ಮರುದಿನ. ದೇವರು ನಿನ್ನ ಕತ್ತಿಯನ್ನು ಒರೆಯಲ್ಲೇ ಇಟ್ಟು ನಿನ್ನನ್ನು ಕಾಯಲಿ.

ನಿನ್ನ ತಾಯಿ,
ಸ್ತಾನ

ಆಳು ಕುದುರೆ ಹತ್ತಿ ಕಾಯುತ್ತಿದ್ದಾನೆ, ಇದೊಂದು ಬರೆಯುವುದಿತ್ತು: ಗಂಡ ಸನ್ಯಾಸಿಯಾದರೆ ಹೆಂಡತಿಯೂ ಲೋಕ ಬಿಡಬೇಕಲ್ಲ, ನಾನು ಒಪ್ಪಿದ್ದೇನೆ. ನಿನ್ನ ತಂಗಿಯ ಮದುವೆಯಾದ ಮೂರನೇ ದಿನ ಕನ್ಯಾಮಠದಲ್ಲಿ ನನ್ನ ಕೂದಲು ಕತ್ತರಿಸಿ ಬೇರೆ ಹೆಸರಿಡುತ್ತಾರೆ. ಆಮೇಲೆ ನಿನಗೂ ನಾನು ಸೋದರಿಯೇ. ಅದಕ್ಕೆ ಮುಂಚೆ ಬಾ, ಗ್ರಾದೋ. ಅಂಗಳದಲ್ಲಿ ನಿಂತು, ಕಣಿವೆಗೆಲ್ಲ ಕೇಳುವ ಹಾಗೆ, ಒಂದು ಸಲ ಅಮ್ಮಾ ಎಂದು ಕೂಗು.