ಎಣಿಸಿದ ಎಲೆಗಳು

ಮಾಂಬಳ್ಳಿ
17-11-1966

ಪ್ರೀತಿಯ ಸುವರ್ಣ,

ಹನೂರಿನಲ್ಲಿ ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಎಂದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ನಿನ್ನ ಕಾರ್ಡು ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕುಳಿತು, ಕುಶಲ ಕೇಳಿದ ಮೇಲೆ ಮುಂದೇನೆಂದು ತಿಳಿಯದೆ ಎದ್ದುಬಿಡುತ್ತಿದ್ದೆ. ತಡವಾದದ್ದಕ್ಕೆ ಮನ್ನಿಸು. ನನಗೆ ಸಿಟ್ಟಿದೆ ಎಂದು ಮಾತ್ರ ತಿಳಿಯಬೇಡ.

ಇಲ್ಲಿ ಮಳೆ ಹೋದ ವರ್ಷಕ್ಕಿಂತ ವಾಸಿ. ಕೆರೆಯ ಕೆಳಗಿನ ಗದ್ದೆಯಲ್ಲಿ ತೆನೆ ಬಾಗಿದೆ. ನಿನ್ನ ಅವ್ವನಿಗೆ ಮಂಡಿ ನೋವು ಕಡಿಮೆಯಾಗಿಲ್ಲ, ಆದರೆ ಕೂರುವುದೂ ಇಲ್ಲ. ನಾನು ಬರೆಯುವುದನ್ನು ನೋಡಿ, "ಕೇಸಿನ್ ಮಾತು ಬ್ಯಾಡಿ. ಹೊಟ್ಟೆ ತುಂಬ ಉಣ್ತಾಳಾ ಕೇಳಿ" ಎಂದು ಹೇಳಿ ಒಳಗೆ ಹೋದಳು. ಕೇಳಿದ್ದೇನೆ. ಕೇಸಿನ ಮಾತನ್ನು ಬಿಡಲು ಮಾತ್ರ ಆಗುತ್ತಿಲ್ಲ.

ಮ್ಯಾಜಿಸ್ಟ್ರೇಟರು ಜುಲ್ಮಾನೆ ಹಾಕಿದ್ದು ಅಳಿಯಂದಿರಿಗೆ ಗೊತ್ತಿರಬಹುದು. ನಿನ್ನ ಮದುವೆಯಲ್ಲಿ ಸರ್ಕಾರ ಬರಗಾಲಕ್ಕೆಂದು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಜನಕ್ಕೆ ಅನ್ನ ಬಡಿಸಿದ ಅಪರಾಧಕ್ಕೆ. ಕಟ್ಟಿ ಬಂದಿದ್ದರೆ ಮುಗಿಯುತ್ತಿತ್ತು. ಮೈಸೂರಿಗೆ ಅಪೀಲು ಹೋಗೋಣ ಎಂದು ನಾನೇ ವಕೀಲರಿಗೆ ಹೇಳಿದೆ. ಅವರು ತೀರ್ಪನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು: "ಗೆಲ್ಲೋ ಕೇಸು ಸ್ವಾಮಿ ಇದು. ಅಡ್ಡ ಇರೋದು ನಿಮ್ಮ ಮಗಳು ಹೇಳಿದ ಮಾತೊಂದೇ. ಗಾಬರೀಲಿ ಬಾಯಿ ತಪ್ಪಿ ಬಂತು ಅಂತ ಆಕೆಯಿಂದ ಒಂದು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ. ಮಿಕ್ಕಿದ್ದು ನನಗೆ ಬಿಡಿ." ಕಾಗದವನ್ನು ಅವರೇ ಟೈಪು ಮಾಡಿಸಿ ಕೊಟ್ಟಿದ್ದಾರೆ. ನಿನ್ನ ರುಜು ಒಂದು ಬೇಕು. ಗಡುವು ಬರುವ ಸೋಮವಾರಕ್ಕೆ.

ಮದುವೆಯ ದಿನ ನೀನು ಒಳಗೆ ಹಸೆಯ ಮೇಲಿದ್ದೆ. ಚಪ್ಪರದಲ್ಲಿ ನಡೆದದ್ದು ನಿನಗೆ ಸರಿಯಾಗಿ ಗೊತ್ತಿರಲಾರದು. ಫುಡ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು, ಬಿಸಿಲಿಗೆ ಕೆಂಪಾಗಿ. ಕೆಟ್ಟ ಮನುಷ್ಯನಲ್ಲ. ಊಟಕ್ಕೆ ಕೂರಿ ಎಂದೆ. "ನಾನು ಕೂತ್ರೆ ನಾನೂ ಲೆಕ್ಕಕ್ಕೆ ಸೇರ್ತೀನಲ್ಲ" ಎಂದು ನಕ್ಕು, ಮಜ್ಜಿಗೆ ಮಾತ್ರ ಕುಡಿದರು. ಆಮೇಲೆ ಹಿತ್ತಿಲಿಗೆ ಹೋಗಿ ಎಂಜಲೆಲೆಗಳನ್ನು ಕೋಲಿನಿಂದ ಎತ್ತಿ ಎಣಿಸತೊಡಗಿದರು. ಅಷ್ಟರಲ್ಲಿ ದನ ನುಗ್ಗಿತು. ಲೆಕ್ಕ ತಪ್ಪಿತು.

ಅಲ್ಲಿಗೆ ಬಿಟ್ಟುಬಿಡುವ ಮನಸ್ಸು ಅವರಿಗಿತ್ತು ಎಂದು ಈಗ ಅನ್ನಿಸುತ್ತದೆ. ಚಪ್ಪರದ ಕಂಬಕ್ಕೆ ಒರಗಿ ಎಲೆಅಡಿಕೆ ಹಾಕುತ್ತಿದ್ದ ನಮ್ಮ ಪಕ್ಕದ ಮನೆಯ ಕೆಂಪನಂಜಪ್ಪನನ್ನು ಕೇಳಿದರು: "ಏನ್ ಯಜಮಾನ್ರೆ, ಒಂದ್ ಐವತ್ತು ಜನ ಉಂಡಿರಬೌದಾ?" ಸರ್ಕಾರದ ಆಜ್ಞೆಯಲ್ಲಿದ್ದ ಸಂಖ್ಯೆಯೂ ಅದೇ. ಹೌದು ಎಂದಿದ್ದರೆ ಬರೆದುಕೊಂಡು ಹೋಗುತ್ತಿದ್ದರು.

ಕೆಂಪನಂಜಪ್ಪನಿಗೆ ಅದು ನನ್ನ ಮನೆಗೆ ಮಾಡಿದ ಅವಮಾನದಂತೆ ಕೇಳಿಸಿತು. "ಐವತ್ತಾ? ಏನ್ ಸಾ ಇಂಗಂತೀರಿ? ಐವತ್ ಜನಕ್ಕೆ ಅನ್ನ ಇಕ್ಕಕೆ ಇದೇನ್ ತಿಥಿಯಾ? ನಮ್ ಶಿವರುದ್ರಸಾಮ್ಯೋರು ಊರ್ ಕೂಸ್ನೂ ಬುಟ್ಟಿಲ್ಲ. ಆಗ್ಲೇ ನಾಕ್ ಪಂಕ್ತಿ ಎದ್ದದೆ, ಇನ್ನೂ ಯಳಂದೂರ್ ಬಸ್ನೋರು ಬರ್ಬೇಕು." ಇನ್ಸ್‌ಪೆಕ್ಟರು ಅವನ ಮುಖವನ್ನೇ ನೋಡಿ, ನಿಟ್ಟುಸಿರುಬಿಟ್ಟು, ಪೆನ್ನು ತೆಗೆದರು. ಮಾನ ಉಳಿಸಿದೆ ಎಂಬ ಭಾವದಲ್ಲಿ ಕೆಂಪನಂಜಪ್ಪ ನನ್ನ ಕಡೆ ತಿರುಗಿ ತಲೆಯಾಡಿಸಿದ.

ಕೋರ್ಟಿಗೆ ನೀನು ಬಂದದ್ದು ಮಧ್ಯಾಹ್ನ. ಬೆಳಿಗ್ಗೆ ಅವನ ಸಾಕ್ಷಿ ಆಗಿತ್ತು. ಆಜ್ಞೆ ಇರುವುದು ನೆಂಟರಿಗೆ, ಮನೆಯವರಿಗಲ್ಲ. ಉಂಡವರೆಲ್ಲ ಕೂತು ಒಪ್ಪಿ ಮಾಡಿದ ಮದುವೆ, ಆದ್ದರಿಂದ ಅವರೆಲ್ಲ ಮನೆಯವರೇ ಎಂಬುದು ನಮ್ಮ ವಕೀಲರ ವಾದ. ಹಾಗಾಗಿ ಕೆಂಪನಂಜಪ್ಪ ತಾನು ಮನೆಯವನೇ ಎಂದ.

"ಏನಾಗಬೇಕು ಇವರು ನಿಮಗೆ?" ಎಂದರು ಮ್ಯಾಜಿಸ್ಟ್ರೇಟರು.

"ಏನೂ ಆಗ್ಬೇಕಿಲ್ಲ ಸಾ. ಒಂದೇ ಗ್ವಾಡೆ."

ಅಂಗಡಿಯ ಪುಟ್ಟಮಾದಪ್ಪ ತಾನೇ ಹುಡುಗಿಯ ಸೋದರಮಾವ ಎಂದುಬಿಟ್ಟ. ನಿಜವಾದ ನಿನ್ನ ಮಾವ ಹಿಂದಿನ ಬೆಂಚಿನಿಂದ, "ಲೇ ಮಾದಪ್ಪ, ಅಂಗಾರೆ ನಾನ್ಯಾರ್ಲಾ?" ಎಂದದ್ದು ಎಲ್ಲರಿಗೂ ಕೇಳಿಸಿತು. ಮ್ಯಾಜಿಸ್ಟ್ರೇಟರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ನಾನೂ ನಕ್ಕೆ. ಗೆಲ್ಲುತ್ತೇವೆ ಎಂದೇ ಅನ್ನಿಸಿತ್ತು.

ನಿನಗೆ ಗೊತ್ತು, ನಾನು ಜಗಳಗಂಟನಲ್ಲ. ಸರ್ಕಾರಕ್ಕೆ ಲೆವಿ ಭತ್ತವನ್ನು ಅಳೆದು ಕೊಟ್ಟಿದ್ದೇನೆ. ಬರಗಾಲ ಸುಳ್ಳಲ್ಲ, ಯಳಂದೂರಿನ ರೇಷನ್ ಅಂಗಡಿಯ ಮುಂದೆ ಹೆಂಗಸರು ಚೀಲ ಹಿಡಿದು ನಿಂತದ್ದನ್ನು ನಾನೂ ನೋಡಿದ್ದೇನೆ. ಸರ್ಕಾರ ನನ್ನ ಕಣಜಕ್ಕೆ ಕೈ ಹಾಕಿದರೆ ಅದಕ್ಕೊಂದು ಅರ್ಥವಿದೆ. ಆದರೆ ಕೊಟ್ಟು ಉಳಿದದ್ದನ್ನು ಯಾರೊಡನೆ ಕೂತು ಉಣ್ಣಬೇಕು, ಯಾರನ್ನು ಎಲೆಯ ಮುಂದಿನಿಂದ ಎಬ್ಬಿಸಬೇಕು ಎಂಬುದನ್ನು ಬೆಂಗಳೂರಿನ ಒಂದು ಕೊಠಡಿ ಗೊತ್ತುಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಉಣ್ಣುವವರನ್ನು ಎಣಿಸುವುದಿಲ್ಲ. ಇವತ್ತು ಎಲೆ ಎಣಿಸಿದವರು ನಾಳೆ ಇನ್ನೇನನ್ನು ಎಣಿಸುತ್ತಾರೆ? ಹೊಸ್ತಿಲಿನ ಒಳಗೆ ಮನುಷ್ಯ ತನ್ನ ಇಷ್ಟದಂತೆ ಇರಬೇಕು. ಇದನ್ನು ಹಲವರಿಗೆ ಹೇಳಿದ್ದೇನೆ. ಈಗಲೂ ಸರಿ ಎಂದೇ ತೋರುತ್ತದೆ. ಆದರೂ ಹೇಳಿ ಮುಗಿಸಿದ ಮೇಲೆ ಒಂದು ಕಡೆ ನಿಲ್ಲಲಾಗುವುದಿಲ್ಲ. ಕುಳಿತರೆ ಏಳೋಣ ಅನ್ನಿಸುತ್ತದೆ, ಗದ್ದೆಗೆ ಹೋದರೆ ಮನೆಗೆ ಬರೋಣ ಅನ್ನಿಸುತ್ತದೆ. ನಿನ್ನೆ ಯಳಂದೂರಿಗೆ ಹೋಗಿ, ಹನೂರಿಗೆ ಬರೋಣವೆಂದು ಕೊಳ್ಳೇಗಾಲದ ಬಸ್ಸು ಹತ್ತಿ, ಅದು ಹೊರಡುವ ಮೊದಲೇ ಇಳಿದುಬಿಟ್ಟೆ.

ವಕೀಲರು ದಿನ ಬಿಟ್ಟು ದಿನ ಹೇಳಿ ಕಳಿಸುತ್ತಿದ್ದಾರೆ. ಕೆಂಪನಂಜಪ್ಪನಂತೂ ಮೈಸೂರಿಗೆ ಹೋಗಿ ಇನ್ನೊಮ್ಮೆ ಸಾಕ್ಷಿ ಹೇಳಲು ಹೊಸ ಪಂಚೆ ತೆಗೆದಿದ್ದಾನೆ. ಅಪೀಲಿನಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ ಎಂದರೆ, "ನೋಡದೆ ಅದೆಂಗೆ ನ್ಯಾಯ ಏಳ್ತರೆ?" ಎಂದು ನನ್ನನ್ನೇ ಕೇಳುತ್ತಾನೆ.

ಅವ್ವ ಹುರಿಗಡಲೆ ಉಂಡೆ ಕಟ್ಟಿಟ್ಟಿದ್ದಾಳೆ, ಹನೂರಿನ ಕಡೆಗೆ ಬರುವವರ ಕೈಯಲ್ಲಿ ಕಳಿಸುತ್ತೇವೆ. ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು. ಬೆಟ್ಟದ ಮಾದಪ್ಪನ ದಯೆಯಿಂದ ನಿನ್ನ ದಿನಗಳು ಹಗುರವಾಗಿ ಕಳೆಯಲಿ. ನಿನ್ನ ಮನಸ್ಸಿಗೆ ಯಾವುದು ಹಿತವೋ ಅದು ನಿನಗೆ ಸಿಗಲಿ.

ನಿನ್ನ ಅಪ್ಪ,
ಶಿವರುದ್ರಸ್ವಾಮಿ

ಮತ್ತೆ: ಅಫಿಡವಿಟ್ಟನ್ನು ಇದರೊಂದಿಗೆ ಇಟ್ಟಿಲ್ಲ. ಸೋಮವಾರ ಬಂದು ಹೋಗಲಿ. ಜುಲ್ಮಾನೆ ಕಟ್ಟುತ್ತೇನೆ. ಅಂದು ಕೋರ್ಟಿನಲ್ಲಿ ವಕೀಲರು ನಿನ್ನನ್ನು, "ಈ ಮದುವೆ ನೀವೆಲ್ಲ ಕೂತು ಮಾತಾಡಿ, ಒಪ್ಪಿ ಮಾಡಿದ್ದಲ್ಲವೇನಮ್ಮ?" ಎಂದು ಕೇಳಿದರಲ್ಲ. ನೀನು ಗಾಬರಿಯಾಗಿರಲಿಲ್ಲ. ಕಟಕಟೆಯ ಮೇಲೆ ಕೈ ಇಟ್ಟು, ಮೆತ್ತಗೆ ಹೇಳಿದೆ: "ಅವ್ರೆಲ್ಲ ಕೂತಿದ್ರು ಸಾ. ನಾನು ಕಾಪಿ ಕೊಟ್ಟೆ. ನನ್ನ ಯಾರೂ ಕೇಳ್ನಿಲ್ಲ."

ಮದುವೆಯ ಮಾತಿಗೆ ಕೂತ ಆ ದಿನ ಕಾಫಿ ಕುಡಿದದ್ದು ನನಗೆ ಚೆನ್ನಾಗಿ ನೆನಪಿದೆ, ಸುವರ್ಣ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಲೋಟ ಯಾರ ಕೈಯಿಂದ ಬಂತು ಎಂಬುದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.