ತಾಯಿಯನ್ನು ತಿಕ್ಕಬೇಡಿ, ಮಾನಪ್ಪಜ್ಜ

ಉದ್ಯಮಬಾಗ, ಬೆಳಗಾವಿ. ತಾಯಿ ಬಂದ ನೂರ ಐವತ್ತೆರಡನೆಯ ವರ್ಷ, ಆಶ್ವೀಜ ಶುದ್ಧ ಅಷ್ಟಮಿ, ಮಧ್ಯಾಹ್ನ. ನಿಮ್ಮ ಲೆಕ್ಕದಲ್ಲಿ 2178.

ಮಾನಪ್ಪಜ್ಜನವರಿಗೆ, ನಿಮ್ಮ ಮರಿಮಗನ ಮೊಮ್ಮಗಳು ಮೌನೇಶ್ವರಿ ಪತ್ತಾರಳ ಶರಣು.

ಮೊದಲೇ ಎರಡು ಕ್ಷಮೆ ಕೇಳಿಬಿಡುತ್ತೇನೆ. ಒಂದು, ನಿಮ್ಮನ್ನು ಅಜ್ಜ ಎಂದದ್ದಕ್ಕೆ. ನೂರೈವತ್ತು ವರ್ಷ ಹಿಂದೆ ಕೂತು ನೀವು ಇದನ್ನು ಓದುವಾಗ ನಿಮಗೆ ನಲವತ್ತನಾಲ್ಕು, ನನಗಿಂತ ನಾಲ್ಕು ವರ್ಷ ಚಿಕ್ಕವರು, ಮೀಸೆ ಇನ್ನೂ ಕಪ್ಪು. ಎರಡು, ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ. ಇಷ್ಟು ವರ್ಷದಲ್ಲಿ ಕನ್ನಡ ಎಷ್ಟೋ ಮಾತು ಕಳೆದುಕೊಂಡಿದೆ, ಎಷ್ಟೋ ಹುಟ್ಟಿಸಿಕೊಂಡಿದೆ. ಬೈಗುಳ ಮಾತ್ರ ಒಂದೂ ಬದಲಾಗಿಲ್ಲ, ಚಿಂತೆ ಬೇಡ.

ನನಗೆ ಪುರುಸೊತ್ತಿಲ್ಲ, ನೇರ ಮಾತಿಗೆ ಬರುತ್ತೇನೆ. ನಾಳೆ ಖಂಡೇನವಮಿ, ಆಯುಧಪೂಜೆ. ಬೆಳಿಗ್ಗೆ ಹತ್ತಕ್ಕೆ ನಾನು ತೊಕಿನೊ ಕಾರ್ಖಾನೆಯ ಒಂಬತ್ತನೆಯ ಯಜಮಾನಿಯಾಗಿ ಎರಡು ಸಾವಿರ ಕೆಲಸಗಾರರ ಮುಂದೆ ನಿಲ್ಲಬೇಕು. ನಿಂತು ಒಂದೋ ಸತ್ಯ ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಹಾರ ಹಾಕಿಸಿಕೊಳ್ಳಬೇಕು. ಹೇಳಿದರೆ ಕಾರ್ಖಾನೆ ಉಳಿಯುವುದು ಅನುಮಾನ, ನಿಮ್ಮ ಹೆಸರಂತೂ ಉಳಿಯುವುದಿಲ್ಲ. ಹೇಳದಿದ್ದರೆ ಜನ ಸಾಯುತ್ತಾರೆ. ಈಗಾಗಲೇ ಇಬ್ಬರು ಸತ್ತಿದ್ದಾರೆ.

ನಾವು ಈಗ ಮಾಡುವುದು ಎದೆಬಾಗಿಲಿನ ಪಿನ್ನು. ಕೆಟ್ಟ ಹೃದಯದೊಳಗೆ ವೈದ್ಯರು ಕೂಡಿಸುವ ಲೋಹದ ಕವಾಟಕ್ಕೆ ನಮ್ಮ ಕಾಲದಲ್ಲಿ ಎದೆಬಾಗಿಲು ಎನ್ನುತ್ತಾರೆ. ಅದು ತೆರೆದು ಮುಚ್ಚುವ ಬಿಜಾಗರಿಯಲ್ಲಿ ಕೂರುವ ಪಿನ್ನು ನಮ್ಮದು. ನಲವತ್ತು ಸಾವಿರ ಜನ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಅವರಲ್ಲಿ ನನ್ನ ಅವ್ವ ದಾಕ್ಷಾಯಣಿಯೂ ಒಬ್ಬಳು. ಎಂಟನೆಯ ಯಜಮಾನಿ, ಎಂಬತ್ತೊಂದು ವರ್ಷ, ನಾಳೆ ನನಗೆ ಗಾದಿ ಬಿಟ್ಟುಕೊಡುವವಳು.

ಆ ಪಿನ್ನುಗಳ ಅಳತೆಯನ್ನು ನಾವು ಯಂತ್ರದಿಂದ ನೋಡುವುದಿಲ್ಲ. ನನ್ನ ಮುತ್ತಜ್ಜಿಯ ಕಾಲದಲ್ಲಿ ಅಂಕಿನಂಜು ಎಂಬ ಪೀಡೆ ಬಂತು: ಯಾರೋ ಪುಣ್ಯಾತ್ಮರು ಅಳೆಯುವ ಯಂತ್ರಗಳಿಗೆಲ್ಲ ಸುಳ್ಳು ಹೇಳುವುದನ್ನು ಕಲಿಸಿಬಿಟ್ಟರು. ತಕ್ಕಡಿ ಸುಳ್ಳು, ಜ್ವರದ ಅಳತೆ ಸುಳ್ಳು, ಸೇತುವೆಯ ಉದ್ದ ಸುಳ್ಳು. ಅಂದಿನಿಂದ ಪರದೆಯ ಮೇಲಿನ ಅಂಕಿಯನ್ನು ಯಾರೂ ನಂಬುವುದಿಲ್ಲ. ಹಾಲಿನವಳು ಹಿತ್ತಾಳೆಯ ಪಾವಿನಲ್ಲಿ ಅಳೆಯುತ್ತಾಳೆ, ಬಟ್ಟೆಯಂಗಡಿಯವನು ಮರದ ಗಜದಲ್ಲಿ. ದೇಹದೊಳಗೆ ಹೋಗುವ ಲೋಹವನ್ನಂತೂ ಕೈಯಲ್ಲಿ ಹಿಡಿಯಬಹುದಾದ ಇನ್ನೊಂದು ಲೋಹದ ಪಕ್ಕ ಇಟ್ಟು ನೋಡಿಯೇ ಒಪ್ಪಬೇಕೆಂದು ಕಾಯಿದೆಯಿದೆ. ಹಾಗಾಗಿ ನಮ್ಮಲ್ಲಿ ಅಳತೆಯವರು ದಿನವೂ ಬೆಳಿಗ್ಗೆ ಅರ್ಧ ಗಂಟೆ ಮಣ್ಣಿನ ಬಾನಿಯ ನೀರಿನಲ್ಲಿ ಬೆರಳದ್ದಿ ಕೂರುತ್ತಾರೆ, ಕೈಯ ಬಿಸಿಗೆ ಉಕ್ಕು ಹಿಗ್ಗಬಾರದೆಂದು. ಊರ ಮದುವೆಯ ಮಾತುಕತೆಗಳೆಲ್ಲ ಕುದುರುವುದು ಆ ಅರ್ಧ ಗಂಟೆಯಲ್ಲೇ. ಕೈ ತಣ್ಣಗಾದ ಮೇಲೆ ಪಿನ್ನುಗಳನ್ನು ತಾಯಿಯ ಜೊತೆ ಹೋಲಿಸಿ ನೋಡುತ್ತಾರೆ.

ತಾಯಿ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಈ ವರ್ಷ ತಾನೇ ಜಪಾನಿನಿಂದ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ನಿಮ್ಮ ಕೈಗೆ ಬಂದಿದ್ದಾಳೆ: ಕಿರುಬೆರಳುದ್ದದ ಉಕ್ಕಿನ ಸರಳು. ಮೂಲಪುರುಷ ತೊಕಿನೊ ಗೆನ್‌ಜಿರೋ ಗಡಿಯಾರದ ಬಿಡಿಭಾಗ ಮಾಡುತ್ತಿದ್ದ ಕಾಲದಲ್ಲಿ, ಬೆಟ್ಟದ ಊರಿನ ಹಳೆಯ ರೇಷ್ಮೆ ಕೊಟ್ಟಿಗೆಯಲ್ಲಿ ಕೂತು ಕೈಯಿಂದಲೇ ಉಜ್ಜಿ ಅಂಥವು ಎರಡು ಮಾಡಿದ. ಮಹಾ ಸಿಟ್ಟಿನ ಮನುಷ್ಯ. ಒಮ್ಮೆ ಅಳತೆ ತಪ್ಪಿದೆಯೆಂದು ಒಬ್ಬ ಹಳೆಯ ಕೆಲಸಗಾರನನ್ನು ಹೊರಗೆ ಹಾಕಿದ. ವಾರದ ನಂತರ ನೋಡಿದರೆ ತಪ್ಪಿದ್ದು ತನ್ನದೇ ಮೈಕ್ರೋಮೀಟರು, ಕೆಳಗೆ ಬಿದ್ದು ಕೆಟ್ಟಿತ್ತು. ಆ ಕೆಲಸಗಾರನ ಹೊಸ್ತಿಲಲ್ಲಿ ಮಂಡಿಯೂರಿ ಕ್ಷಮೆ ಕೇಳಿ, ಮರುದಿನ ತಪ್ಪಿನ ಪುಸ್ತಕ ಶುರು ಮಾಡಿದ. ಗಾದಿ ಬಿಡುವ ಯಜಮಾನರು ತಮ್ಮ ದೊಡ್ಡ ತಪ್ಪನ್ನು ಅದರಲ್ಲಿ ಬರೆಯಬೇಕು. ಹೊಸಬರು ಅದನ್ನು ಎಲ್ಲರ ಮುಂದೆ ಓದಬೇಕು. ಅವನ ಮಗ ಬರೆದ, ನಿಮ್ಮ ಕೈಗೆ ತಾಯಿಯನ್ನು ಒಪ್ಪಿಸಿದ ಮೊಮ್ಮಗಳು ಸಾದಾಕೊ ಬರೆದಳು. ನಾಲ್ಕನೆಯವರು ನೀವು. ಹೌದು, ಇನ್ನು ಹದಿನಾರು ವರ್ಷಕ್ಕೆ ನೀವೇ ಯಜಮಾನರು. ಹಿಗ್ಗಬೇಡಿ, ಮುಂದೆ ಓದಿ.

ನಿಮ್ಮ ಪುಟದಲ್ಲಿ ಹೀಗಿದೆ: "ಹನ್ನೊಂದು ವರ್ಷ ಕಾರ್ಖಾನೆ ನಡೆಸಿದೆ. ತಪ್ಪೇನೂ ನೆನಪಿಗೆ ಬರುವುದಿಲ್ಲ. ತಾಯಿ ಬಂದ ವರ್ಷದಿಂದ ಪ್ರತಿ ಖಂಡೇನವಮಿಯ ಹಿಂದಿನ ದಿನ ಅವಳನ್ನು ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಕೈಯಾರೆ ತಿಕ್ಕಿ ತೊಳೆದೆ. ಮುಂದಿನವರೂ ಹೀಗೇ ಮಾಡಲಿ."

ಅಯ್ಯೋ ನಮ್ಮಪ್ಪಾ! ಮುಂದಿನವರು ಹೀಗೇ ಮಾಡಿದರು. ಒಂದು ವರ್ಷವೂ ತಪ್ಪಿಸಲಿಲ್ಲ. ನಾನೇ ಇಪ್ಪತ್ತೆರಡು ಸಲ ತಿಕ್ಕಿದ್ದೇನೆ, ಹೊಳೆಯುವುದನ್ನು ನೋಡಿ ಹೆಮ್ಮೆಪಟ್ಟಿದ್ದೇನೆ. ಎಣ್ಣೆ ಸವರಿ ಸುತ್ತಿಡಿ ಎಂದಷ್ಟೇ ಸಾದಾಕೊ ಹೇಳಿಕೊಟ್ಟಿದ್ದಳು. ನಮ್ಮ ಹಬ್ಬದ ಹಿಂದಿನ ದಿನ ಏನು ನಡೆಯುತ್ತದೆಂದು ಅವಳಿಗೇನು ಗೊತ್ತು? ನಮಗೂ ಅದು ಹೇಳುವಂಥ ಸಂಗತಿ ಎನ್ನಿಸಲಿಲ್ಲ. ಮನೆಯ ತಾಮ್ರದ ತಂಬಿಗೆ ತಿಕ್ಕಿದ್ದನ್ನು ಯಾರಾದರೂ ಊರಿಗೆ ಡಂಗುರ ಸಾರುತ್ತಾರೆಯೇ?

ಹುಣಸೆಯ ಹುಳಿ ಉಕ್ಕನ್ನು ತಿನ್ನುತ್ತದೆ, ಬೂದಿ ಸವೆಸುತ್ತದೆ. ಒಂದು ಹಬ್ಬಕ್ಕೆ ಕಾಣುವುದಿಲ್ಲ. ಈ ವರ್ಷ ಏಳು ಜನರ ಎದೆಯಲ್ಲಿ ಪಿನ್ನು ಸಡಿಲಾಯಿತು, ಅವರಲ್ಲಿ ಇಬ್ಬರು ಉಳಿಯಲಿಲ್ಲ. ವೈದ್ಯರು ತಮ್ಮ ಕೈಯನ್ನೇ ಶಂಕಿಸಿದರು. ಪಿನ್ನು ತಾಯಿಗೆ ಸರಿಯಾಗಿದೆ ಎಂದು ನಾವು ಎದೆ ತಟ್ಟಿ ಹೇಳಿದೆವು. ಹೋದ ತಿಂಗಳು ನಾನು ಜಪಾನಿಗೆ ಹೋದಾಗ ಆ ಕೊಟ್ಟಿಗೆಯಲ್ಲಿ ಇನ್ನೊಂದು ಸರಳನ್ನು ತೆಗೆಸಿದೆ. ಅವಳನ್ನು ನಾವು ದೊಡ್ಡವ್ವ ಎನ್ನುತ್ತೇವೆ. ಅಲ್ಲಿಯವರು ಭಕ್ತಿಯಿಂದ ಅವಳನ್ನು ಮುಟ್ಟಿಯೇ ಇರಲಿಲ್ಲ. ಇಲ್ಲಿಗೆ ತಂದು ಇಬ್ಬರನ್ನೂ ಅಕ್ಕಪಕ್ಕ ಇಟ್ಟೆ. ನಮ್ಮ ತಾಯಿ ಸವೆದಿದ್ದಳು, ಒಂದು ಕೂದಲನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು. ಅವಳಿಗೆ ಹೋಲಿಸಿ ಒಪ್ಪಿದ ಪಿನ್ನುಗಳೂ ಅಷ್ಟೇ ಸಣ್ಣ; ಎದೆಬಾಗಿಲು ಕೆಡಲು ಅಷ್ಟು ಸಾಕು. ನನ್ನ ಕೈಕಾಲು ತಣ್ಣಗಾದವು, ಬಾನಿಯ ನೀರೇ ಬೇಕಾಗಲಿಲ್ಲ.

ನಿನ್ನೆ ಅವ್ವನಿಗೆ ಹೇಳಿದೆ. ಅವಳು ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಸುಮ್ನ ಕುಂಡ್ರು," ಎಂದಳು. "ದೊಡ್ಡವ್ವನ್ನ ಇಟ್ಕೊಂಡು ಇನ್ನ ಮ್ಯಾಲಿಂದು ಸರಿ ಮಾಡ್ಕೋ. ಹಳೇದನ್ನ ಕೆದಕಬ್ಯಾಡ. ಹಿರ್‍ಯಾರ ಮಾರಿಗೆ ಮಸಿ ಬಳದು ಏನ್ ಗಳಸ್ತಿ?"

"ಅವ್ವಾ, ಹಳೇವು ಮಂದಿ ಎದ್ಯಾಗ ಅದಾವ. ನಿನ್ನ ಎದ್ಯಾಗೂ ಐತಿ."

"ನಂದು ಹನ್ನೆರಡು ವರ್ಷದಿಂದ ಗಟ್ಟಿ ಕುಂತೈತಿ. ನನಗೇನ್ ಆಗೇತಿ?"

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಂಜಿಕೆಯೂ ಆಯಿತು. ಅವಳ ವಯಸ್ಸಿನಲ್ಲಿ ಎದೆ ಬಿಚ್ಚಿದರೆ ಬದುಕುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ. ಬಿಚ್ಚದಿದ್ದರೆ ಆ ಪಿನ್ನು ಯಾವ ದಿನ ಜಾರುತ್ತದೋ ಯಾರಿಗೂ ಗೊತ್ತಿಲ್ಲ. ನಿಜ ಹೇಳುತ್ತೇನೆ ಅಜ್ಜ, ಸುಮ್ಮನಿದ್ದುಬಿಡೋಣ ಎಂದು ನನಗೂ ಅನ್ನಿಸಿತು. ನಾಳೆ ಅವಳ ಪುಟವನ್ನು ಓದಿ ಮುಗಿಸಿದರಾಯಿತು, ನಿಮ್ಮ ಪುಟವನ್ನು ಯಾರು ಕೇಳುತ್ತಾರೆ ಎಂದುಕೊಂಡೆ.

ಈ ಪತ್ರವನ್ನು ಇಲ್ಲಿಯವರೆಗೆ ಬರೆದಾಗ ಅವ್ವ ಕೋಲೂರಿಕೊಂಡು ಬಂದಳು. ಕೈಯಲ್ಲಿ ತಪ್ಪಿನ ಪುಸ್ತಕ. ತನ್ನ ಪುಟವನ್ನು ಈಗಷ್ಟೇ ಬರೆದಿದ್ದಳು, ಶಾಯಿ ಒಣಗಿರಲಿಲ್ಲ. ಒಂದೇ ಸಾಲು: "ಗೊತ್ತಾದ ಮೇಲೂ ಒಂದು ದಿನ ಸುಮ್ಮನಿದ್ದೆ, ಮಗಳಿಗೂ ಸುಮ್ಮನಿರು ಎಂದೆ." ನಾನು ಓದಿ ತಲೆಯೆತ್ತುವ ತನಕ ನಿಂತೇ ಇದ್ದಳು.

"ನಾಳೆ ಎಲ್ಲಾರ ಮುಂದ ಹೇಳು," ಎಂದಳು. "ಹೇಳಿ, ಮೊದಲಿಗೆ ನಂದು ತಗಸು. ಯಜಮಾನ್ತಿ ಎದ್ಯಾಗಿಂದು ತಗದ್ರಂದ್ರ ಉಳದ ಮಂದಿ ಅಂಜೂದಿಲ್ಲ."

ನಾನು ಅತ್ತೆ. ಅವಳು ಬೈದಳು, ಮೂಗು ಒರೆಸಿಕೋ, ಪತ್ರದ ಮೇಲೆ ಬೀಳುತ್ತದೆ ಎಂದು. ನಾಡಿದ್ದು ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತೇವೆ.

ನಾಳೆ ನಿಮ್ಮ ಪುಟವನ್ನು ಗಟ್ಟಿಯಾಗಿ ಓದುತ್ತೇನೆ, ಸಿಟ್ಟಾಗಬೇಡಿ. ಅದನ್ನು ನೀವು ಹೆಮ್ಮೆಯಿಂದಲಾದರೂ ಬರೆದಿಟ್ಟಿರಿ. ಇಲ್ಲದಿದ್ದರೆ ಈ ಸವೆತ ಎಲ್ಲಿಂದ ಶುರುವಾಯಿತೆಂದು ನಮಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ನಿಮ್ಮಲ್ಲಿ ಇನ್ನೂ ಮೊದಲನೆಯ ವರ್ಷ. ಈ ಪತ್ರ ಅಷ್ಟಮಿಯ ಮೊದಲು ಮುಟ್ಟಿದರೆ, ತಾಯಿಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲೇ ಇರಗೊಡಿ. ಪೆಟ್ಟಿಗೆಯ ಮೇಲೆ ಒಂದು ಚೆಂಡು ಹೂ ಇಟ್ಟು ದೂರದಿಂದ ಕೈಮುಗಿಯಿರಿ. ಹುಣಸೆಹಣ್ಣು ನೆನೆಹಾಕಿದ್ದರೆ ಸಾರು ಮಾಡಿಸಿ ಉಣ್ಣಿರಿ. ನನಗೆ ನನ್ನ ಅವ್ವ ಬೇಕು.

ಮೌನೇಶ್ವರಿ