ಚೀಟಿಯಲ್ಲಿದ್ದ ಚೀನಾ

ಅಪ್ಪಾ,

ನೀನು ಹೋದ ಮೇಲೆ ನಿನ್ನ ವಿದೇಶಿ ನಾಣ್ಯಗಳ ಡಬ್ಬಿಯನ್ನು ಮಾರಿಬಿಡೋಣವೆಂದು ಅಣ್ಣ ಪಟ್ಟು ಹಿಡಿದಿದ್ದ. ಇವತ್ತು ಬೆಳಿಗ್ಗೆ ಹಳೇ ನಾಣ್ಯದ ವ್ಯಾಪಾರಿಯನ್ನು ನಿನ್ನ ಮನೆಗೆ ಕರೆದುಕೊಂಡೇ ಬಂದ.

ವ್ಯಾಪಾರಿ ನಡುವೆ ತೂತಿರುವ ಹಳದಿ ನಾಣ್ಯವೊಂದನ್ನು ಎತ್ತಿಕೊಂಡು, ನೀನು ಅಂಟಿಸಿದ್ದ ಚೀಟಿ ಓದಿದ. "ಚೀನಾ."

"ಅಲ್ಲ, ಜಪಾನು," ಎಂದೆ. "ತೂತಿನ ಸುತ್ತ ಹಲ್ಲುಚಕ್ರ ಇದೆ, ಪಕ್ಕದಲ್ಲಿ ಭತ್ತದ ತೆನೆ ಬಾಗಿದೆ, ನೋಡಿ."

ಹದಿಮೂರು ವರ್ಷದವಳಿದ್ದಾಗ ಇದನ್ನೇ ಹೇಳಿದ್ದಕ್ಕೆ ನೀನು "ಅಧಿಕಪ್ರಸಂಗ ಬೇಡ" ಎಂದು ಡಬ್ಬಿ ಎತ್ತಿಟ್ಟಿದ್ದೆ. ಆಮೇಲೆ ನಾನು ಅದರ ಹತ್ತಿರ ಸುಳಿಯಲಿಲ್ಲ, ನೀನೂ ಕರೆಯಲಿಲ್ಲ.

ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ ನಕ್ಕ. "ಹೌದಮ್ಮಾ. ನಿಮ್ಮಪ್ಪಂಗೆ ಏನೂ ಗೊತ್ತಿರ್ಲಿಲ್ಲ ಬಿಡಿ."

ನನಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪನ ತಪ್ಪು ಹೇಳೋಕೆ ನಾನಿದ್ದೀನಿ. ನೀವು ಎದ್ದೇಳಿ," ಎಂದು ಬಾಗಿಲು ತೋರಿಸಿದೆ. ಅಣ್ಣ ಎಗರಾಡಿದ. ಎಗರಾಡಲಿ, ಡಬ್ಬಿ ಈಗ ನನ್ನ ಮನೆಯಲ್ಲಿದೆ.

ನಿನ್ನ ಚೀನಾವನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಜಪಾನ್ ಎಂದು ಬರೆದಿದ್ದೇನೆ. ಕ್ಷಮೆ ಕೇಳುವುದಿಲ್ಲ. ಇನ್ನೂ ನೂರಾರು ನಾಣ್ಯಗಳಿವೆ; ಒಂದೊಂದನ್ನೂ ನೋಡಿ, ತಪ್ಪಿದ್ದಲ್ಲೆಲ್ಲ ತಿದ್ದುತ್ತೇನೆ. ತಾಕತ್ತಿದ್ದರೆ ಬಂದು ಜಗಳವಾಡು.